ಓಲೆ ತೆಗೆದಿಟ್ಟ ಮೇಲೆ ಕಿವಿ ತುರಿಸುತ್ತಿದೆಯಾ? ನಿಕಲ್ ಅಲರ್ಜಿಯನ್ನು ಗುರುತಿಸುವುದು, ನಿಭಾಯಿಸುವುದು

ಶನಿವಾರ ಹೊಸ ಓಲೆ ಹಾಕಿಕೊಂಡು ಎಲ್ಲಿಗೋ ಹೋಗಿ ಬಂದಿರಿ. ರಾತ್ರಿ ತೆಗೆದು ಡಬ್ಬಿಯಲ್ಲಿಟ್ಟಿರಿ. ಭಾನುವಾರ ಏನೂ ಇಲ್ಲ. ಸೋಮವಾರ ಬೆಳಿಗ್ಗೆ ಕಿವಿಯ ಹಾಲೆ ತುರಿಸಲು ಶುರುವಾಗುತ್ತದೆ, ಸಂಜೆಗೆ ಊದಿಕೊಳ್ಳುತ್ತದೆ, ಮಂಗಳವಾರ ಕನ್ನಡಿ ನೋಡಿದರೆ ಸಾಸಿವೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳು. ಓಲೆ ತೆಗೆದು ಆಗಲೇ ಮೂರು ದಿನ, ಹಾಗಾಗಿ ಅದರ ಮೇಲೆ ಅನುಮಾನವೇ ಬರುವುದಿಲ್ಲ.

ನನಗೂ ಹೀಗೇ ಆಗುತ್ತಿತ್ತು. ಎರಡು ವರ್ಷ ಶಾಂಪೂ ಬದಲಾಯಿಸಿದೆ, ಸೋಪು ಬದಲಾಯಿಸಿದೆ, ದಿಂಬಿನ ಕವರನ್ನು ಬಿಸಿನೀರಲ್ಲಿ ಒಗೆದೆ. ಕೊನೆಗೆ ಚರ್ಮದ ಡಾಕ್ಟರೊಬ್ಬರು ಕಿವಿಯನ್ನು ಒಂದು ಕ್ಷಣ ನೋಡಿ, "ಹೊಕ್ಕುಳ ಹತ್ತಿರ ಏನಾದರೂ ಇದೆಯಾ?" ಅಂತ ಕೇಳಿದರು. ಇತ್ತು. ಪ್ಯಾಂಟಿನ ಗುಂಡಿ ತಾಗುವ ಜಾಗದಲ್ಲಿ, ಗುಂಡಿಯಷ್ಟೇ ಅಗಲದ ಒರಟು ಕಲೆ. ಅದು ಬೇರೆ ತೊಂದರೆ, ಇದು ಬೇರೆ ತೊಂದರೆ ಅಂದುಕೊಂಡಿದ್ದೆ. ಎರಡಕ್ಕೂ ಕಾರಣ ಒಂದೇ ಲೋಹ, ನಿಕಲ್.

ಲೋಹದ ಅಲರ್ಜಿಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಜಾಸ್ತಿ, ಮುಖ್ಯ ಕಾರಣ ಕಿವಿ ಚುಚ್ಚಿಸಿಕೊಳ್ಳುವುದು. ಹೋಗಿಬಿಡುವ ಅಲರ್ಜಿಯಲ್ಲ ಇದು, ಆದರೆ ಸರಿಯಾಗಿ ಅರ್ಥ ಮಾಡಿಕೊಂಡರೆ ವರ್ಷಗಟ್ಟಲೆ ಒಂದು ಗುಳ್ಳೆಯೂ ಏಳದ ಹಾಗೆ ಇರಬಹುದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯಾಕೆ ಇಷ್ಟು ತಡ?

ಲೋಹ ಸುಮ್ನೆ ಚರ್ಮಕ್ಕೆ ತಾಗಿದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ. ನಿಕಲ್ ಕರಗಿ ಹೊರಗೆ ಬರಬೇಕು. ಆ ಕೆಲಸವನ್ನು ಬೆವರು ಮಾಡುತ್ತದೆ. ಬೆವರಿನಲ್ಲಿರುವ ಉಪ್ಪು ಲೋಹದ ಮೇಲ್ಮೈಯನ್ನು ನಿಧಾನಕ್ಕೆ ತಿನ್ನುತ್ತದೆ, ಕಣ್ಣಿಗೆ ಕಾಣದ ನಿಕಲ್ ಅಯಾನುಗಳು ಬಿಟ್ಟುಕೊಂಡು ಚರ್ಮದೊಳಗೆ ಇಳಿಯುತ್ತವೆ, ಅಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ದೇಹದ ಕಾವಲು ಕೋಶಗಳಿಗೆ ಇದು ಹೊರಗಿನ ಶತ್ರುವಿನ ಹಾಗೆ ಕಂಡರೆ, ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ಅದರ ಗುರುತು ನೆನಪಿಟ್ಟುಕೊಳ್ಳುತ್ತವೆ. ಈ ಮೊದಲ ಹಂತದಲ್ಲಿ ನಮಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಎರಡು ವಾರದಲ್ಲಿ ಆಗಬಹುದು, ಕೆಲವರಿಗೆ ಎಷ್ಟೋ ವರ್ಷ ಬೇಕು, ತುಂಬ ಜನರಿಗೆ ಯಾವತ್ತೂ ಆಗುವುದೇ ಇಲ್ಲ.

ಒಮ್ಮೆ ಆ ನೆನಪು ಕೂತಮೇಲೆ, ಮುಂದೆ ನಿಕಲ್ ತಾಗಿದಾಗಲೆಲ್ಲ ಆ ಕೋಶಗಳು ಅಲ್ಲಿಗೆ ಬಂದು ಸೇರುತ್ತವೆ. ಬಂದು ಸೇರಲು ಸಮಯ ಬೇಕು, ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಬಹಳ ಸೂಕ್ಷ್ಮ ಇರುವವರಿಗೆ ಕೆಲವೇ ಗಂಟೆಗಳಲ್ಲೂ ಆಗಬಹುದು. ಜೇನುಹುಳ ಕಚ್ಚಿದಾಗ ಕ್ಷಣದಲ್ಲಿ ಮೈಯೆಲ್ಲ ದದ್ದು ಏಳುವ ಅಲರ್ಜಿಯೇ ಬೇರೆ, ಇದೇ ಬೇರೆ. ಇದರಲ್ಲಿ ಉಸಿರು ಕಟ್ಟುವುದು ಇಲ್ಲ ಅನ್ನುವಷ್ಟು ಅಪರೂಪ. ಆದರೆ ಒಮ್ಮೆ ಶುರುವಾದರೆ ಎರಡರಿಂದ ನಾಲ್ಕು ವಾರ ಕಾಡಬಹುದು.

"ಹತ್ತು ವರ್ಷದಿಂದ ಇದೇ ಓಲೆ ಹಾಕ್ತಿದ್ದೀನಿ, ಈಗ ಹೇಗೆ ಅಲರ್ಜಿ ಆಗುತ್ತೆ?" ಅಂತ ಬಹಳ ಜನ ಕೇಳುತ್ತಾರೆ. ಎರಡು ಕಾರಣ ಇರಬಹುದು. ಅಲರ್ಜಿ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ಇನ್ನೊಂದು, ಹತ್ತು ವರ್ಷದಲ್ಲಿ ಮೇಲಿನ ಲೇಪ ಸವೆದು ಒಳಗಿನ ಲೋಹ ಈಗ ಮೊದಲ ಸಲ ನಿಮ್ಮ ಚರ್ಮಕ್ಕೆ ತಾಗುತ್ತಿರಬಹುದು.

ಗುರುತಿಸುವುದು

ಮೊದಲು ಆಕಾರ ನೋಡಿ. ನಿಕಲ್ ತಾಗಿದ ಜಾಗದಲ್ಲಿ, ತಾಗಿದಷ್ಟೇ ಅಗಲದಲ್ಲಿ ದದ್ದು ಏಳುತ್ತದೆ. ಸರದಿಂದಾದರೆ ಕತ್ತಿನ ಸುತ್ತ ಗೆರೆಯ ಹಾಗೆ, ಅಥವಾ ಹಿಂದೆ ಕೊಂಡಿ ಕೂರುವ ಜಾಗದಲ್ಲಿ ಮಾತ್ರ. ವಾಚಿನ ಹಿಂಬದಿಯಿಂದಾದರೆ ಮಣಿಕಟ್ಟಿನ ಮೇಲೆ ಒಂದು ದುಂಡನೆಯ ಕಲೆ. ಕನ್ನಡಕದ ಕಡ್ಡಿಯಿಂದಾದರೆ ಕಿವಿಯ ಹಿಂದೆ ಮತ್ತು ಕಪಾಲದ ಪಕ್ಕದಲ್ಲಿ. ಬೆಲ್ಟಿನ ಬಕಲ್ಲಿನಿಂದಾದರೆ ಹೊಕ್ಕುಳ ಕೆಳಗೆ. ತುರಿಕೆ ನೋವಿಗಿಂತ ಜಾಸ್ತಿ ಇರುತ್ತದೆ. ಹೊಸದಾಗಿದ್ದಾಗ ಕೆಂಪು, ಊತ, ಸಣ್ಣ ಗುಳ್ಳೆ, ಜಿನುಗು. ಹಳೆಯದಾದರೆ ಚರ್ಮ ಒಣಗಿ ದಪ್ಪವಾಗಿ, ಸಿಪ್ಪೆ ಎದ್ದು, ಬಿರುಕು ಬಿಡುತ್ತದೆ. ಕಂದು ಅಥವಾ ಕಪ್ಪು ಚರ್ಮದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ, ಗಾಢ ಕಂದು ಅಥವಾ ನೇರಳೆ ಛಾಯೆ ಕಾಣಬಹುದು, ವಾಸಿಯಾದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಕಲೆ ಉಳಿದಿದೆ ಅಂದರೆ ಅಲರ್ಜಿ ಇನ್ನೂ ಇದೆ ಅಂತ ಅಲ್ಲ, ಕೈಯಿಟ್ಟು ನೋಡಿ, ನುಣ್ಣಗಿದ್ದು ತುರಿಕೆ ಇಲ್ಲದಿದ್ದರೆ ಅದು ಬರೀ ಕಲೆ.

ಒಂದು ವಿಷಯ ಗೊಂದಲ ಮಾಡುತ್ತದೆ. ಕೆಲವರಿಗೆ ಕಣ್ಣಿನ ರೆಪ್ಪೆ ಮೇಲೆ ತುರಿಕೆ ಬರುತ್ತದೆ, ಅಲ್ಲಿ ಒಡವೆಯೇ ಇಲ್ಲ. ಉಂಗುರ, ಕೀಲಿ, ನಾಣ್ಯ ಮುಟ್ಟಿದ ಬೆರಳಿನಲ್ಲಿ ಕಣ್ಣು ಉಜ್ಜಿಕೊಳ್ಳುತ್ತೇವೆ, ರೆಪ್ಪೆಯ ಚರ್ಮ ಬಹಳ ತೆಳು. ಹಾಗಾಗಿ ಕಾರಣ ಹುಡುಕುವಾಗ ಬೆರಳನ್ನೂ ಲೆಕ್ಕಕ್ಕೆ ತಗೊಳ್ಳಿ.

ಇನ್ನು, ನಿಕಲ್ ಅಲರ್ಜಿಯ ಹಾಗೆ ಕಂಡು ಅದಲ್ಲದ್ದು ಸಾಕಷ್ಟಿವೆ. ಉಂಗುರದ ಕೆಳಗೆ ಹಸಿರು ಬಣ್ಣ ಬಂದರೆ ಅದು ತಾಮ್ರ ಬೆವರಿನ ಜೊತೆ ಸೇರಿ ಬಿಟ್ಟ ಬಣ್ಣ, ತೊಳೆದರೆ ಹೋಗುತ್ತದೆ, ಅಲರ್ಜಿಯಲ್ಲ. ಉಂಗುರದಡಿಯಲ್ಲಿ ಸೋಪಿನ ನೀರು ನಿಂತು ಚರ್ಮ ಕೆರಳುವುದೂ ಸಾಮಾನ್ಯ, ಅದು ಅಪ್ಪಟ ಚಿನ್ನದ ಉಂಗುರದಲ್ಲೂ ಆಗುತ್ತದೆ. ದುಂಡಗೆ ಇದ್ದು, ಅಂಚು ಎದ್ದು, ನಡುವೆ ತಿಳಿಯಾಗುತ್ತಾ ದಿನೇದಿನೇ ಅಗಲವಾಗುವ ಕಲೆಯಾದರೆ ಹುಳುಕಡ್ಡಿ ಇರಬಹುದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅಲರ್ಜಿಗೆ ಹಚ್ಚುವ ಸ್ಟೀರಾಯ್ಡ್ ಮುಲಾಮನ್ನು ಹುಳುಕಡ್ಡಿಗೆ ಹಚ್ಚಿದರೆ ಮೊದಲು ಕಡಿಮೆಯಾದ ಹಾಗೆ ಕಂಡು ಆಮೇಲೆ ಹಬ್ಬಿಕೊಂಡುಬಿಡುತ್ತದೆ.

ಚುಚ್ಚಿದ ಕಿವಿಯಲ್ಲಿ ಸೋಂಕೋ ಅಲರ್ಜಿಯೋ ಅಂತ ತಿಳಿಯುವುದು ಸ್ವಲ್ಪ ಕಷ್ಟ. ಮುಟ್ಟಿದರೆ ಬಿಸಿ, ನೋವು ತುರಿಕೆಗಿಂತ ಜಾಸ್ತಿ, ದಪ್ಪ ಹಳದಿ ಕೀವು, ಜ್ವರ, ಒಂದೇ ಕಿವಿಯಲ್ಲಿ ಮಾತ್ರ, ಹೀಗಿದ್ದರೆ ಸೋಂಕಿನ ಕಡೆ ಯೋಚಿಸಿ. ಎರಡೂ ಕಿವಿಯಲ್ಲಿ ಒಂದೇ ಥರ ತುರಿಕೆ, ತೆಳ್ಳನೆಯ ನೀರು ಜಿನುಗುವುದು ಅಲರ್ಜಿಯ ಕಡೆ ಬೊಟ್ಟು ಮಾಡುತ್ತದೆ. ಕೆರೆದು ಕೆರೆದು ಎರಡೂ ಒಟ್ಟಿಗೆ ಆಗುವುದೂ ಉಂಟು. ಕಿವಿಯ ಮೇಲ್ಭಾಗದ ಮೃದು ಮೂಳೆಯಲ್ಲಿ ಚುಚ್ಚಿಸಿಕೊಂಡು ಅಲ್ಲಿ ಊತ, ನೋವು ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಸೋಂಕು ತಡ ಮಾಡಿದರೆ ಕಿವಿಯ ಆಕಾರವೇ ಕೆಡಬಹುದು.

ಖಚಿತ ಮಾಡಿಕೊಳ್ಳಿ

ಊಹೆಯ ಮೇಲೆ ಇಡೀ ಬದುಕಿನ ಒಡವೆ ಬಿಡುವುದು ಬೇಡ. ಪ್ಯಾಚ್ ಟೆಸ್ಟ್ ಅಂತ ಇದೆ, ಚರ್ಮದ ಡಾಕ್ಟರುಗಳು ಮಾಡುತ್ತಾರೆ. ಯೋಸೆಫ್ ಯಾಡಸ್ಸೋನ್ ಅನ್ನುವ ವೈದ್ಯರು 1895ರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟರು, ಇವತ್ತಿಗೂ ಈ ಥರದ ಅಲರ್ಜಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬಂದಿಲ್ಲ. ಬೆನ್ನಿನ ಮೇಲೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತು ಇಟ್ಟು ಅಂಟಿಸುತ್ತಾರೆ. ನಿಕಲಿಗೆ ನಿಕಲ್ ಸಲ್ಫೇಟನ್ನು ವ್ಯಾಸಲೀನಿನಂಥ ಜೆಲ್ಲಿಯಲ್ಲಿ ಬೆರೆಸಿದ್ದು, ಶೇಕಡಾ 2.5 ಅಥವಾ 5ರಷ್ಟು. 48 ಗಂಟೆ ಹಾಗೇ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಆ ಎರಡನೇ ಸಲದ ನೋಟವನ್ನು ತಪ್ಪಿಸಬೇಡಿ, ತಡವಾಗಿ ಬರುವ ಅಲರ್ಜಿ ಅಂತ ಆಗಲೇ ಹೇಳಿದೆನಲ್ಲ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರು ಹರಿಯುವ ಕೆಲಸ ಬೇಡ. ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅಥವಾ ಬೆನ್ನಿಗೆ ಮುಲಾಮು ಹಚ್ಚುತ್ತಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಅಲರ್ಜಿ ಇದ್ದರೂ ಇಲ್ಲ ಅಂತ ಬರಬಹುದು.

ರಕ್ತ ಕೊಟ್ಟು ಮಾಡಿಸುವ ಸಾಮಾನ್ಯ ಅಲರ್ಜಿ ಪರೀಕ್ಷೆ ಬೇರೆ ಥರದ ಅಲರ್ಜಿಯನ್ನು ಹುಡುಕುತ್ತದೆ. ನಿಕಲಿಗೆ ಅದು ಉಪಯೋಗಕ್ಕೆ ಬರುವುದಿಲ್ಲ, ದುಡ್ಡು ದಂಡ.

ಪ್ಯಾಚ್ ಟೆಸ್ಟಿನ ಇನ್ನೊಂದು ಲಾಭ, ಕೋಬಾಲ್ಟ್, ಪಲ್ಲಾಡಿಯಂ ಅನ್ನುವ ಲೋಹಗಳನ್ನೂ ಸೇರಿಸಿ ನೋಡಬಹುದು. ನಿಕಲ್ ಒಗ್ಗದವರಲ್ಲಿ ಕೆಲವರಿಗೆ ಇವೂ ಒಗ್ಗುವುದಿಲ್ಲ, ಇದು ಒಡವೆ ಆರಿಸುವಾಗ ಬೇಕಾಗುತ್ತದೆ.

ಈಗ ದದ್ದು ಎದ್ದಿದೆ, ಏನು ಮಾಡಲಿ?

ತೆಗೆಯಿರಿ. ಮೊದಲು ಅದು. ಒಡವೆ ಹಾಕಿಕೊಂಡೇ ಮುಲಾಮು ಹಚ್ಚಿದರೆ ಏನೂ ಪ್ರಯೋಜನ ಇಲ್ಲ. ಆ ಜಾಗವನ್ನು ಬರೀ ನೀರಿನಲ್ಲಿ ತೊಳೆದು ಮೆತ್ತಗೆ ಒತ್ತಿ ಒರೆಸಿ. ಜಿನುಗುತ್ತಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯನ್ನು ದಿನಕ್ಕೆ ಮೂರ್ನಾಲ್ಕು ಸಲ, ಹತ್ತು ಹದಿನೈದು ನಿಮಿಷ ಇಡಿ. ಇದು ಸಣ್ಣ ಕೆಲಸ ಅನಿಸಬಹುದು, ಆದರೆ ತುರಿಕೆ ತಡೆಯಲು ಇದರಷ್ಟು ಬೇಗ ನೆರವಾಗುವುದು ಕಡಿಮೆ. ಜಿನುಗು ನಿಂತ ಮೇಲೆ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಧಾರಾಳವಾಗಿ ಹಚ್ಚಿ.

ಸ್ವಲ್ಪವೇ ಜಾಗದಲ್ಲಿ ಇದ್ದರೆ ಶೇಕಡಾ 1ರ ಹೈಡ್ರೋಕಾರ್ಟಿಸೋನ್ ಮುಲಾಮನ್ನು ತೆಳ್ಳಗೆ, ಕೆಲವೇ ದಿನ ಹಚ್ಚಬಹುದು. ಅದಕ್ಕಿಂತ ಬಲವಾದದ್ದನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ. ಮುಖ, ರೆಪ್ಪೆ, ಕತ್ತಿನ ಚರ್ಮ ತೆಳು, ಬಲವಾದ ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ನರಗಳು ಕಾಣುವ ಹಾಗಾಗುತ್ತದೆ. ಯಾರದೋ ಮನೆಯಲ್ಲಿ ಉಳಿದ ಟ್ಯೂಬನ್ನು ತಂದು ಹಚ್ಚಬೇಡಿ, ದಯವಿಟ್ಟು. ನಿಯೋಮೈಸಿನ್ ಇರುವ ಆಂಟಿಬಯೋಟಿಕ್ ಮುಲಾಮು ಕೂಡ ಬೇಡ, ಅದಕ್ಕೇ ಅಲರ್ಜಿ ಆಗುವವರು ಬಹಳ ಜನ, ಒಂದರ ಮೇಲೊಂದು ಅಲರ್ಜಿ ಆದರೆ ಯಾವುದರಿಂದ ಏನು ಅಂತ ಡಾಕ್ಟರಿಗೂ ತಿಳಿಯುವುದಿಲ್ಲ.

ಅಲರ್ಜಿ ಮಾತ್ರೆ ತಗೊಂಡರೆ ಹೋಗುತ್ತದೆ ಅಂತ ಅಂದುಕೊಳ್ಳುವವರಿದ್ದಾರೆ. ನಿದ್ದೆ ತರಿಸುವ ಮಾತ್ರೆಯಾದರೆ ರಾತ್ರಿ ಕೆರೆತ ಕಡಿಮೆಯಾಗಬಹುದು, ಆದರೆ ಆ ಮಾತ್ರೆಗಳು ತಡೆಯುವುದು ದೇಹ ಬಿಡುವ ಹಿಸ್ಟಮೀನ್ ಅನ್ನುವ ರಾಸಾಯನಿಕವನ್ನು, ಈ ತುರಿಕೆಯಲ್ಲಿ ಅದರ ಪಾಲು ಕಡಿಮೆ, ಹಾಗಾಗಿ ದದ್ದಿಗೆ ಅದು ಮದ್ದಲ್ಲ. ದದ್ದು ಹಬ್ಬುತ್ತಿದ್ದರೆ, ಮುಖಕ್ಕೆ ಅಥವಾ ಕಣ್ಣಿನ ಹತ್ತಿರಕ್ಕೆ ಬಂದಿದ್ದರೆ, ಕೀವು ಕಂಡರೆ, ಎರಡು ವಾರವಾದರೂ ಇಳಿಯದಿದ್ದರೆ ಡಾಕ್ಟರನ್ನು ನೋಡಿ.

ಲೇಬಲ್ಲಿನ ಮಾತು, ಲೋಹದ ಮಾತು

ನಾನು ಜಾಸ್ತಿ ಹೇಳಬೇಕಿರುವುದು ಇಲ್ಲೇ. ಅಂಗಡಿಯಲ್ಲಿ "ಹೈಪೋಅಲರ್ಜೆನಿಕ್" (ಅಲರ್ಜಿ ಆಗುವ ಸಂಭವ ಕಡಿಮೆ) ಅಂತ ಬರೆದಿದ್ದರೆ ಅದಕ್ಕೆ ಗಟ್ಟಿಯಾದ ಅರ್ಥವೇ ಇಲ್ಲ. "ನಿಕಲ್ ಇಲ್ಲ" ಅಂತ ಬರೆದಿದ್ದು ಮೇಲಿನ ಲೇಪದ ಮಾತಾಗಿರಬಹುದು. ಗಿಲೀಟು ಒಡವೆಗಳಲ್ಲಿ ಚಿನ್ನದ ನೀರು ಹಾಕುವ ಮುಂಚೆ, ಹೊಳಪು ಚೆನ್ನಾಗಿ ಕೂರಲಿ ಅಂತ ಕೆಳಗೆ ನಿಕಲಿನ ಒಂದು ಪದರ ಹಾಕುವುದು ತುಂಬ ಹಳೆಯ ಪದ್ಧತಿ. ಮೇಲಿನ ಚಿನ್ನ ಬಹಳ ತೆಳು, ಬಟ್ಟೆಗೆ, ಚರ್ಮಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಮೊದಲ ತಿಂಗಳು ಆರಾಮಾಗಿದ್ದು ಆಮೇಲೆ ತುರಿಸುವುದು ಅದಕ್ಕೇ.

ಇನ್ನೊಂದು ತಿಳಿದಿರಬೇಕು. ಲೋಹದೊಳಗೆ ನಿಕಲ್ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಹೊರಗೆ ಬಿಡುತ್ತದೆ ಅನ್ನುವುದು ಮುಖ್ಯ. ಯುರೋಪಿನ ಒಕ್ಕೂಟ 1994ರಲ್ಲಿ ತಂದ ನಿಕಲ್ ನಿಯಮ ಇದೇ ಲೆಕ್ಕದ ಮೇಲೆ ನಿಂತಿದೆ. ಚರ್ಮಕ್ಕೆ ಬಹಳ ಹೊತ್ತು ತಾಗುವ ವಸ್ತು ವಾರಕ್ಕೆ, ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡಬಾರದು. ಚುಚ್ಚಿದ ತೂತಿನೊಳಗೆ ಹೋಗುವ ಕಡ್ಡಿಗೆ ಈಗಿನ ಮಿತಿ ಇನ್ನೂ ಬಿಗಿ, 0.2 ಮೈಕ್ರೋಗ್ರಾಂ. ವಸ್ತುವನ್ನು ಕೃತಕ ಬೆವರಿನಲ್ಲಿ ಒಂದು ವಾರ ಮುಳುಗಿಸಿಟ್ಟು ಅಳೆಯುತ್ತಾರೆ. ಡೆನ್ಮಾರ್ಕ್ ಇನ್ನೂ ಮುಂಚೆಯೇ ಇಂಥ ಕಾನೂನು ಮಾಡಿತ್ತು, ಕಾನೂನು ಬಂದ ಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ನಿಕಲ್ ಅಲರ್ಜಿ ಗಣನೀಯವಾಗಿ ಇಳಿಯಿತು. ತಡೆಯಬಹುದಾದ ಕಾಯಿಲೆ ಇದು ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಆನ್‌ಲೈನಿನಲ್ಲಿ ತರಿಸುವಾಗ ಈ ಯುರೋಪಿನ ಮಿತಿಗೆ ಒಪ್ಪುತ್ತದೆ ಅಂತ ಸ್ಪಷ್ಟವಾಗಿ ಬರೆದಿದೆಯಾ ನೋಡಿ, "ಅಲರ್ಜಿ ಆಗುವುದಿಲ್ಲ" ಅನ್ನುವ ಭರವಸೆಗಿಂತ ಅದು ಮೇಲು.

ಇನ್ನು ಒಂದೊಂದೇ ಲೋಹ. ಸ್ಟೀಲ್ ಅಂದರೆ ಸೇಫ್ ಅನ್ನುವುದು ಅರ್ಧ ಸತ್ಯ. 316ಎಲ್ ಅನ್ನುವ ದರ್ಜೆಯಲ್ಲಿ ಶೇಕಡಾ 10ರಿಂದ 14ರಷ್ಟು ನಿಕಲ್ ಇರುತ್ತದೆ, ಆದರೆ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕೂತು ಅದನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ವಾಸಿಯಾದ ತೂತಿಗೆ ಹೆಚ್ಚಿನವರಿಗೆ ನಡೆಯುತ್ತದೆ. ತುಂಬ ಸೂಕ್ಷ್ಮ ಇರುವವರಿಗೆ ನಡೆಯದೇ ಇರಬಹುದು. ದರ್ಜೆಯೇ ಹೇಳದ ಸ್ಟೀಲನ್ನು ನಾನಂತೂ ಕಿವಿಗೆ ಹಾಕುವುದಿಲ್ಲ. ಟೈಟಾನಿಯಂ ಮತ್ತು ನಿಯೋಬಿಯಂ ನನ್ನ ಮಟ್ಟಿಗೆ ಮೊದಲ ಆಯ್ಕೆ. ಇಂಪ್ಲಾಂಟ್ ದರ್ಜೆಯ, ಅಂದರೆ ಮೈಯೊಳಗೆ ಕೂರಿಸಲು ಬಳಸುವ ಟೈಟಾನಿಯಂ ಅಂತ ಕೇಳಿ, ಎಎಸ್‌ಟಿಎಂ ಎಫ್136 ಅಂತ ಅದರ ಗುರುತು. ಆದರೆ ಬಗ್ಗಿಸಿದರೂ ಮತ್ತೆ ನೆಟ್ಟಗಾಗುವ ಕನ್ನಡಕದ ಫ್ರೇಮುಗಳಲ್ಲಿ "ಟೈಟಾನಿಯಂ" ಅಂತ ಬರೆದಿದ್ದರೂ ಅದು ನಿಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಆಗಿರಬಹುದು, ಕೇಳಿ ತಗೊಳ್ಳಿ.

ಹಳದಿ ಚಿನ್ನದಲ್ಲಿ 22 ಕ್ಯಾರಟ್ ಅಂದರೆ ಶೇಕಡಾ 91.6 ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ತೊಂದರೆ ಇಲ್ಲ. ವೈಟ್ ಗೋಲ್ಡ್ ಬಗ್ಗೆ ಮಾತ್ರ ಎಚ್ಚರ. ಚಿನ್ನವನ್ನು ಬೆಳ್ಳಗೆ ಮಾಡಲು ನಿಕಲ್ ಅಥವಾ ಪಲ್ಲಾಡಿಯಂ ಬೆರೆಸುತ್ತಾರೆ, ಮೇಲೆ ರೋಡಿಯಂ ಲೇಪ ಹಾಕುತ್ತಾರೆ, ಅದು ಸವೆದಾಗ ಒಳಗಿನದು ತಾಗುತ್ತದೆ. ಯಾವುದು ಬೆರೆಸಿದ್ದಾರೆ ಅಂತ ಕೇಳಿ, ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ. 925 ಅಂತ ಮುದ್ರೆ ಇರುವ ಬೆಳ್ಳಿಯಲ್ಲಿ ಉಳಿದ ಶೇಕಡಾ 7.5 ಸಾಮಾನ್ಯವಾಗಿ ತಾಮ್ರ, ಅದೂ ಹೆಚ್ಚಿನವರಿಗೆ ಒಗ್ಗುತ್ತದೆ. ಜರ್ಮನ್ ಸಿಲ್ವರ್ ಮಾತ್ರ ಬೇಡವೇ ಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ಹಾಗೆ. ಹೆಸರಲ್ಲಿ ಬೆಳ್ಳಿ ಇದೆ, ಒಳಗೆ ತಾಮ್ರ, ಸತು ಮತ್ತು ಬೇಕಾದಷ್ಟು ನಿಕಲ್, ಬೆಳ್ಳಿ ಒಂದು ಚೂರೂ ಇಲ್ಲ. ಗಾಜು, ಮರ, ಒಳ್ಳೆಯ ಪ್ಲಾಸ್ಟಿಕ್ ಒಡವೆ ಯಾವ ಚಿಂತೆಯೂ ಇಲ್ಲದೆ ಹಾಕಬಹುದು, ಆದರೆ ಕೊಂಡಿ ಮತ್ತು ತಿರುಪು ಲೋಹದ್ದೇ ಇರುತ್ತದೆ, ಅದನ್ನು ಮರೆಯಬೇಡಿ.

ಮನೆಯಲ್ಲೇ ಪರೀಕ್ಷೆ

ಆಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ. ಶುದ್ಧ ನಿಕಲ್ ಆಯಸ್ಕಾಂತಕ್ಕೆ ಅಂಟುತ್ತದೆ ನಿಜ, ಆದರೆ ತಾಮ್ರದ ಜೊತೆ ಬೆರೆತ ನಿಕಲ್ ಸಾಮಾನ್ಯವಾಗಿ ಅಂಟುವುದಿಲ್ಲ, ಅಂಟುವ ಕಬ್ಬಿಣದಲ್ಲಿ ನಿಕಲ್ ಇರಲೇಬೇಕಿಲ್ಲ. ನಂಬಬೇಡಿ.

ಸರಿಯಾದದ್ದು ಡೈಮಿಥೈಲ್‌ಗ್ಲೈಆಕ್ಸಿಮ್ ಪರೀಕ್ಷೆ. 1905ರಲ್ಲಿ ಲೆವ್ ಚುಗಾಯೆವ್ ಅನ್ನುವ ರಷ್ಯಾದ ರಸಾಯನ ವಿಜ್ಞಾನಿ ಕಂಡುಹಿಡಿದ ಕ್ರಿಯೆ ಇದು, ಈಗ ನಿಕಲ್ ಟೆಸ್ಟ್ ಕಿಟ್ ಅಂತ ಸಣ್ಣ ಬಾಟಲಿಗಳಲ್ಲಿ ಸಿಗುತ್ತದೆ. ಹತ್ತಿ ಕಡ್ಡಿಯ ತುದಿಗೆ ಒಂದೆರಡು ಹನಿ ಹಾಕಿ ಲೋಹದ ಮೇಲೆ ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಗೆ ಬರುತ್ತಿದೆ. ಓಲೆಯ ಮುಂಭಾಗ ಉಜ್ಜಿ ಸುಮ್ಮನಾಗಬೇಡಿ, ತೂತಿನೊಳಗೆ ಹೋಗುವ ಕಡ್ಡಿ, ಹಿಂದಿನ ತಿರುಪು, ಸರದ ಕೊಂಡಿ, ಬೆಸುಗೆ ಹಾಕಿದ ಜಾಗ, ಇವನ್ನು ಬೇರೆ ಬೇರೆಯಾಗಿ ನೋಡಿ. ದ್ರವದಲ್ಲಿ ಅಮೋನಿಯಾ ಇರುತ್ತದೆ, ಕಿಟಕಿ ತೆಗೆದಿಟ್ಟು ಮಾಡಿ, ಆಮೇಲೆ ಒಡವೆಯನ್ನು ತೊಳೆಯಿರಿ. ಗುಲಾಬಿ ಬಂದರೆ ನಂಬಬಹುದು. ಬರದಿದ್ದರೆ ಪೂರ್ತಿ ನಿಶ್ಚಿಂತೆ ಅಲ್ಲ, ಹೊಸ ಲೇಪದ ಕೆಳಗೆ ಇರುವುದು ಇವತ್ತು ಕಾಣದೆ ಆರು ತಿಂಗಳಾದ ಮೇಲೆ ಕಾಣಬಹುದು. ಹಾಗಾಗಿ ಕಿಟ್ ಇಟ್ಟುಕೊಂಡು ಆಗಾಗ ನೋಡುತ್ತಿರಿ.

ನಾನು ಒಂದು ಮಧ್ಯಾಹ್ನ ಕೂತು ಮನೆಯಲ್ಲಿದ್ದ ಎಲ್ಲವನ್ನೂ ಉಜ್ಜಿ ನೋಡಿದೆ. ಓಲೆಗಳಲ್ಲಿ ಅರ್ಧ ಗುಲಾಬಿ. ಆಶ್ಚರ್ಯ ಆಗಿದ್ದು ಉಳಿದದ್ದರಲ್ಲಿ: ಪ್ಯಾಂಟಿನ ಗುಂಡಿ, ಕೈಚೀಲದ ಜಿಪ್ಪು, ಕೀಲಿ, ಕತ್ತರಿಯ ಹಿಡಿ. ಗುಂಡಿಯ ಹಿಂದೆ ಒಳಗಿನಿಂದ ಬಟ್ಟೆಯ ತೇಪೆ ಹೊಲಿದೆ, ಹೊಕ್ಕುಳ ಹತ್ತಿರದ ಕಲೆ ಮೂರು ವಾರದಲ್ಲಿ ನುಣ್ಣಗಾಯಿತು. ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯುವುದೂ ಒಂದು ಉಪಾಯ, ಗುಂಡಿಗೆ, ಬಕಲ್ಲಿಗೆ ಪರವಾಗಿಲ್ಲ, ಆದರೆ ವಾರ ಎರಡು ವಾರಕ್ಕೆ ಎದ್ದುಹೋಗುತ್ತದೆ, ಮತ್ತೆ ಬಳಿಯಬೇಕು. ಕಿವಿಯ ತೂತಿನೊಳಗೆ ಹೋಗುವ ಕಡ್ಡಿಗೆ ಮಾತ್ರ ಬಳಿಯಬೇಡಿ.

ಚುಚ್ಚಿಸುವ ಮುಂಚೆ

ಹೊಸ ತೂತು ಅಂದರೆ ಗಾಯ. ಗಾಯದೊಳಗೆ ವಾರಗಟ್ಟಲೆ ಕಡ್ಡಿ ಕೂತಿರುತ್ತದೆ, ಚರ್ಮದ ಮೇಲಿನ ತಡೆ ಅಲ್ಲಿಲ್ಲ, ಹಾಗಾಗಿ ಅಲರ್ಜಿ ಮೊದಲು ಹುಟ್ಟುವುದು ಹೆಚ್ಚಾಗಿ ಆ ದಿನಗಳಲ್ಲೇ. ಮಗುವಿಗೆ ಚುಚ್ಚಿಸುವಾಗ ಮೊದಲ ಓಲೆ ಎಷ್ಟು ಚಂದ ಅಂತ ನೋಡುವ ಮುಂಚೆ ಅದರ ಕಡ್ಡಿ ಯಾವುದರದ್ದು ಅಂತ ಕೇಳಿ. ಟೈಟಾನಿಯಂ, ನಿಯೋಬಿಯಂ, ಅಥವಾ 18 ಕ್ಯಾರಟ್ಟಿಗಿಂತ ಕಡಿಮೆ ಇಲ್ಲದ ಹಳದಿ ಚಿನ್ನ. ತೂತು ಪೂರ್ತಿ ವಾಸಿಯಾಗುವ ತನಕ ಬದಲಾಯಿಸಬೇಡಿ.

ಅಲರ್ಜಿ ಖಚಿತ ಆಗಿದ್ದರೆ ಹಲ್ಲಿಗೆ ತಂತಿ ಹಾಕಿಸುವಾಗ, ಮೂಳೆಗೆ ಪ್ಲೇಟು ಅಥವಾ ಕೀಲು ಹಾಕಿಸುವಾಗ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಹೆಚ್ಚಿನವರಿಗೆ ಬಾಯೊಳಗೆ, ಮೈಯೊಳಗೆ ತೊಂದರೆ ಆಗುವುದಿಲ್ಲ, ಆದರೂ ಅವರಿಗೆ ಗೊತ್ತಿದ್ದರೆ ಬೇರೆ ಲೋಹ ಆರಿಸಲು ಅವಕಾಶ ಇರುತ್ತದೆ. ಒಡವೆ ಪೂರ್ತಿ ಬಿಟ್ಟರೂ ಅಂಗೈಯಲ್ಲಿ ನೀರುಗುಳ್ಳೆ ಏಳುತ್ತಲೇ ಇದ್ದರೆ ಆಹಾರದ ನಿಕಲ್ ಕೂಡ ಕಾರಣ ಇರಬಹುದು, ಕೋಕೋ, ಓಟ್ಸ್, ಸೋಯಾ, ಬೀಜಗಳಲ್ಲಿ ಅದು ಜಾಸ್ತಿ. ಆದರೆ ಇದು ಕೆಲವೇ ಜನರ ವಿಷಯ, ಡಾಕ್ಟರು ಹೇಳದೆ ಊಟದಲ್ಲಿ ಒಂದೊಂದೇ ಬಿಡುತ್ತಾ ಹೋಗಬೇಡಿ.

ಇಷ್ಟದ ಹಳೆಯ ಓಲೆ ಬಿಸಾಡಲು ಮನಸ್ಸಾಗುವುದಿಲ್ಲ, ಅಲ್ವಾ? ಬಿಸಾಡಬೇಕಿಲ್ಲ. ಅಕ್ಕಸಾಲಿಗರ ಹತ್ತಿರ ಕೊಟ್ಟು ಹಿಂದಿನ ಕಡ್ಡಿಯನ್ನು ಮಾತ್ರ ಕತ್ತರಿಸಿ ಚಿನ್ನದ ಕಡ್ಡಿ ಕೂರಿಸಿಕೊಡಿ ಅಂತ ಕೇಳಿ, ತಿರುಪನ್ನೂ ಬದಲಾಯಿಸಿಸಿ, ಬೆಸುಗೆಗೆ ಏನು ಬಳಸುತ್ತಾರೆ ಅಂತ ವಿಚಾರಿಸಿ. ಮನೆಗೆ ತಂದಮೇಲೆ ಒಮ್ಮೆ ಹತ್ತಿ ಕಡ್ಡಿಯಲ್ಲಿ ಉಜ್ಜಿ ನೋಡಿ. ಮೊದಲ ದಿನ ಒಂದೆರಡು ಗಂಟೆ ಮಾತ್ರ ಹಾಕಿ ತೆಗೆದು, ಮೂರು ದಿನ ಕಾದು, ಆಮೇಲೆ ಹಾಕಿಕೊಳ್ಳಿ.